ಮೊದಲ ಪಂಕ್ತಿಯ ಫೈಲು

ಮದುವೆಗೆ ತಮಟೆ ಬಡಿದ ನಾಲ್ವರನ್ನು, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತರೆಂದು ಕತ್ತು ಹಿಡಿದು ಎಬ್ಬಿಸಿದರು.

ವಾರದ ಮೇಲೆ ಹೊಸ ಸೊಸೆ, ಎಲ್ಲರ ಫೋನಿನಲ್ಲಿದ್ದ ಮದುವೆಯ ವಿಡಿಯೊಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಎಡಿಟಿಂಗಿಗೆ ಕೂತಳು. ಮಾವ ಬೆನ್ನ ಹಿಂದೆ ಬಂದು ನಿಂತ.

“ಆ ಊಟದ ಗಲಾಟೆ ಸೇರಿಸಬೇಡ, ಅಳಿಸಿಬಿಡು. ಆ ತಮಟೆಯವರು ದೂರು ಕೊಡೋಕೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತಾರಂತೆ.”

“ಎಬ್ಬಿಸಿದ್ದು ನೀವೇ ಅಲ್ವಾ ಮಾವ?”

“ನನ್ನ ಮನೆ ಮದುವೆ. ಎಬ್ಬಿಸ್ತೀನಿ, ಒದೀತೀನಿ. ಎದುರು ಮಾತಾಡೋದನ್ನೇ ಕಲಿಸಿದ್ನಾ ನಿಮ್ಮಪ್ಪ?”

ಅವಳು ಅಷ್ಟೂ ಫೈಲುಗಳಲ್ಲಿ ಒಂದನ್ನೇ ಆರಿಸಿ ಸಾಫ್ಟ್‌ವೇರಿನೊಳಕ್ಕೆ ಎಳೆದಳು. ಪರದೆಯ ಮೇಲೆ ಮಾವನ ಕೈ, ತಮಟೆಯವನ ಕತ್ತು.

“ಏಯ್, ಅದಲ್ಲ! ತಾಳಿ ಕಟ್ಟಿದ್ದನ್ನ ಹಾಕು!”

“ಹಾಕಲ್ಲ ಮಾವ. ಅವರ ದೂರಿನ ಜೊತೆ ಕೊಡೋಕೆ ಇದೊಂದೇ ಸಾಕು.”