ಅಳಿಯನ ಕಾಫಿ

"ಆ ಸೂಜಿ ಕೆಳಗಿಡಿ ಡಾಕ್ಟ್ರೇ!"

ಬಾಗಿಲು ತಳ್ಳಿಕೊಂಡು ಒಳನುಗ್ಗಿದ ಅತ್ತೆ ಕೂಗಿದ ರಭಸಕ್ಕೆ ಟ್ರೇಯಲ್ಲಿದ್ದ ಕತ್ತರಿಗಳೆಲ್ಲ ಎದ್ದು ಕುಣಿದವು. ಬೇರೆ ಯಾವ ಔಷಧಿಯನ್ನೂ ಕುಡಿಯುತ್ತಿಲ್ಲ ಎಂದು ಆಪರೇಷನ್ ಟೇಬಲ್ ಮೇಲೆ ಮಲಗಿದ್ದ ಅಳಿಯ ಆಗಷ್ಟೇ ಆಣೆ ಮಾಡಿ ಹೇಳಿದ್ದ.

"ಅಳಿಯಂದ್ರಿಗೇನು ಗೊತ್ತು! ನಿಮ್ಮ ಮಾತ್ರೆ ಮೇಲೆ ನಂಬಿಕೆ ಇಲ್ದೆ, ದಿನಾ ಅವ್ರ ಕಾಫಿಗೆ ನಾನೇ ಬೇರಿನ ಕಷಾಯ ಬೆರೆಸ್ತಿದ್ದೆ!" ಎಂದು ಅತ್ತೆ ಚೀಲದಿಂದ ಸೀಸೆ ತೆಗೆದಳು.

ಡಾಕ್ಟರ್ ಮೂಸಿ ನೋಡಿ ಬೆವರು ಒರೆಸಿಕೊಂಡರು. "ಅಬ್ಬಾ, ಹೇಳಿದ್ರಲ್ಲ, ಬದುಕಿದ! ಇದನ್ನ ಕುಡಿದವ್ರನ್ನ ಕೊಯ್ದರೆ ರಕ್ತ ನಿಲ್ಲಲ್ಲಮ್ಮ. ಇವತ್ತು ಆಪರೇಷನ್ ಬೇಡ."

ಅಳಿಯ ಚಂಗನೆ ಎದ್ದು ಕೂತ. "ಅತ್ತೇ, ಆ ಕಹಿ ನಿಮ್ಮದಾ? ಕಾಫಿ ಮಾಡೋಕೆ ಬರಲ್ಲ ಅಂತ ದಿನಾ ನಿಮ್ಮ ಮಗಳನ್ನ ಬೈತಿದ್ನಲ್ಲ!"

ಬಾಗಿಲಲ್ಲಿ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅಳಿಯ ಮೆಲ್ಲಗೆ ಮತ್ತೆ ಮಲಗಿದ.

"ಡಾಕ್ಟ್ರೇ, ಆ ಸೂಜಿ ಚುಚ್ಚೇಬಿಡಿ."