ಬೋರ್ಡಿನ ಸೊನ್ನೆ

ರೇಣುಕಾಪ್ರಸಾದ್ ಲಿಂಗೈಕ್ಯನಾದ ಸುದ್ದಿಯೂ, ತಪ್ಪು ಅವನದೇ ಎಂಬ ಮಾತೂ ವಿರೂಪಾಕ್ಷಿಪುರದ ಮನೆಗೆ ಒಂದೇ ದಿನ ಬಂದವು. ಬಿಡದಿಯ ಕಾರ್ಖಾನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಶುರುವಾಗುವ ಪಾಳಿಗೆ ಹೋಗಿ ಬಣ್ಣದ ಟ್ಯಾಂಕಿಗೆ ಇಳಿದವನು ವಿಷಗಾಳಿ ಕುಡಿದು ಮೇಲೇಳಲಿಲ್ಲ. ಗ್ಯಾಸಿನ ಎಚ್ಚರಿಕೆ ಬಂದಿತ್ತು, ಬೇಗ ಕೆಲಸ ಮುಗಿಸಲು ಅವನೇ ಅದನ್ನು ಅಳಿಸಿದ ಎಂದು ಆಫೀಸಿನವರು ಬರೆದುಕೊಂಡಿದ್ದರು.

ತಂದೆ ಮಲ್ಲಿಕಾರ್ಜುನಯ್ಯ ಪೂಜೆಗೆ ಕೂತರೆ ಅಂಗೈಯಲ್ಲಿ ಲಿಂಗ, ಕಣ್ಣು ಬಾಗಿಲ ಕಡೆ. ಮಗಳು ಹೇಮಶ್ರೀ ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದಳು.

"ನಿಜ ಹೇಳವ್ವ, ಅವ್ನೇ ಅಳಿಸಿದ್ನಾ?"

"ಗೊತ್ತಿಲ್ಲ ಅಪ್ಪಾಜಿ. ಎಲ್ರಿಗೂ ಒಂದೇ ಪಾಸ್‌ವರ್ಡು. ಯಾರು ಅಳಿಸಿದ್ರು ಅಂತ ಬರ್ಕೊಳೋ ಲಾಗ್ ಐತೆ, ಯಾರೂ ಅದ್ನ ಆನ್ ಮಾಡೇ ಇಲ್ಲ."

"ಹನ್ನೊಂದನೇ ದಿನ ಗಣಾರಾಧನೆ. ಬಂದೋರಿಗೆ ಏನ್ ಮುಖ ತೋರಿಸ್ಲಿ?"

ಯಂತ್ರಗಳ ಸಂದೇಶಗಳನ್ನೆಲ್ಲ ಸಾಲಾಗಿ ಹಿಡಿದು ಹಂಚುವ 'ಬ್ರೋಕರ್' ಎಂಬ ತಂತ್ರಾಂಶವೊಂದು ಕಾರ್ಖಾನೆಯಲ್ಲಿತ್ತು. ಅದರ ಹೊಟ್ಟೆಯೊಳಗೇ ಪುಟ್ಟ ವೆಬ್ ಸರ್ವರ್. ಬ್ರೌಸರಿನಲ್ಲಿ ಆ ಪುಟ ತೆರೆದು ಒಂದು ಗುಂಡಿ ಒತ್ತಿದರೆ ಎಚ್ಚರಿಕೆಗಳ ಸಾಲು ಬರಿದಾಗುತ್ತದೆ, ಎಷ್ಟು ಎಚ್ಚರಿಕೆ ಬಾಕಿ ಇವೆ ಎಂದು ತೋರಿಸುವ ಗೋಡೆಯ ಬೋರ್ಡಿನಲ್ಲಿ ಸೊನ್ನೆ ಬೀಳುತ್ತದೆ. ಐದನೇ ದಿನ ಕೆಲಸಕ್ಕೆ ಹೋದ ಹೇಮಶ್ರೀ, ಸರ್ವರಿಗೆ ಬರುವ ಪ್ರತಿ ಕೋರಿಕೆಯೂ ದಾಖಲಾಗುವಂತೆ ಅದರ ಸೆಟ್ಟಿಂಗ್ ಕಡತದಲ್ಲಿ ನಾಲ್ಕು ಸಾಲು ಸೇರಿಸಿದಳು. ಅದು ಜಾರಿಗೆ ಬರಲು ಬ್ರೋಕರನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ಬೆಳಗಿನ ಪಾಳಿಯ ಸೂಪರ್‌ವೈಸರ್ ಯೋಗಾನಂದನ ಒಪ್ಪಿಗೆ ಕೇಳಿದಳು.

"ಏನವ್ವ, ನಮ್ಗೆಲ್ಲ ಹಾಜರಿ ಹಾಕೋಕೆ ಹೊಂಟ್ಯಾ?" ಎಂದು ನಕ್ಕ ಅವನು. "ಟೀ ಕುಡಿಯೋ ಹೊತ್ತಲ್ಲಿ ಮಾಡ್ಕೋ."

ಮೂರು ದಿನ ಅವಳು ಸಂಜೆ ಲಾಗ್ ತೆರೆದು ನೋಡಿದಳು. ಮೂರು ದಿನವೂ ಲಾಗಿನಲ್ಲಿ ಒಂದೇ ಬರಹ: ಮಧ್ಯಾಹ್ನ ಒಂದು ಐವತ್ತು, ಎಚ್ಚರಿಕೆಗಳ ಸಾಲು ಅಳಿಸಲು ಕೋರಿಕೆ. ಅಣ್ಣ ಮಣ್ಣು ಸೇರಿ ವಾರವಾಗಿತ್ತು, ಅಳಿಸುತ್ತಿದ್ದ ಕೈ ಬೇರೆಯದು. ಕೋರಿಕೆ ಹೊರಟ ಕಂಪ್ಯೂಟರಿನ ವಿಳಾಸ ಯೋಗಾನಂದನ ಕೋಣೆಯದು.

ಅವಳು ಲಾಗನ್ನು ಅಚ್ಚು ಹಾಕಿದ ಕಾಗದವನ್ನು ಅವನ ಮುಂದಿಟ್ಟಳು. ಯೋಗಾನಂದ ಓದಿ ತಲೆಯಾಡಿಸಿದ. "ಹೂಂ, ನಾನೇಯ. ಪಾಳಿ ಬಿಡೋ ಹೊತ್ಗೆ ಬೋರ್ಡಲ್ಲಿ ಸೊನ್ನೆ ಇರ್ಬೇಕಲ್ಲ, ಇಲ್ದಿದ್ರೆ ಮೇಲ್ನೋರು ಬಯ್ತಾರೆ. ಏನೈತೆ ಅಂತ ಯಾರು ನೋಡ್ತಾರೆ? ದಿನಾ ಅಳಿಸ್ಬುಡ್ತೀನಿ..."  ಅವನು ಕಾಗದದ ಮೇಲಿನ ಹೊತ್ತನ್ನು ಮತ್ತೊಮ್ಮೆ ನೋಡಿದ. "ಅವತ್ತೂ ಅಳಿಸಿದ್ದೆ..."

ಹನ್ನೊಂದನೇ ದಿನ ತೋಟದ ಸಮಾಧಿಯ ಸುತ್ತ ಜನ ನೆರೆದಿದ್ದರು. ಯೋಗಾನಂದ ಬೇಲಿಯಾಚೆ ಬೈಕಿನ ಪಕ್ಕ ನಿಂತಿದ್ದ, ಒಳಗೆ ಬಾರದೆ.

"ಒಳಿಕ್ ಬಾರಪ್ಪ. ಬಂದೋರ್ಗೆ ನೀನೇ ಹೇಳು," ಎಂದರು ಮಲ್ಲಿಕಾರ್ಜುನಯ್ಯ.

ಅವನು ಬಂದ, ಎಚ್ಚರಿಕೆ ಅಳಿಸಿದ್ದು ತಾನೇ ಎಂದು ಹೇಳಿದ.  ಮಲ್ಲಿಕಾರ್ಜುನಯ್ಯ ಮಗಳು ತಂದಿದ್ದ ಲಾಗಿನ ಕಾಗದವನ್ನು ಸಮಾಧಿಯ ಮೇಲೆ ಬಿಲ್ವಪತ್ರೆಯ ಕೆಳಗಿಟ್ಟು, ಹನ್ನೊಂದು ದಿನದಲ್ಲಿ ಮೊದಲ ಸಲ ಕಣ್ಣು ಮುಚ್ಚಿ ಕೈಮುಗಿದರು.

"ಶಿವನೇ, ನನ್ನ ಕೂಸು ಬೋರ್ಡು ನೋಡೇ ಇಳಿದಿದ್ದ. ಸೊನ್ನೆ ಇತ್ತು, ನಂಬ್ದ. ಅವ್ನ ನಿನ್ನ ಪಾದದಲ್ಲಿ ಇಟ್ಕೊಂಡು ಶಾಂತಿ ಕೊಡಪ್ಪ."