ಎಂಟು ನಂಬರ್ ಶೂ

ರಸೆಲ್ ಮಾರ್ಕೆಟ್ ಹಿಂದಿನ ಶೂ ಅಂಗಡೀಲಿ ಅಂಜನಮೂರ್ತಿ ಹನ್ನೊಂದು ಗಂಟೆಯಿಂದ ಕೂತಿದ್ದ. ಅಲಿಯಾ ಬರ್ತಾಳೋ ಇಲ್ವೋ ಅನ್ನೋದೇ ಚಿಂತೆ. ಪ್ರತಿ ಡಿಸೆಂಬರ್ ಮೊದಲ ಭಾನುವಾರ ಬರ್ತಿದ್ದೋರು ಅವಳ ಅಪ್ಪ. ಜೂನ್‌ನಲ್ಲಿ ತೀರಿಕೊಂಡರು. ಮಗಳೂ ಬರಲಿಲ್ಲ ಅಂದ್ರೆ ಎರಡು ಮನೆಗಳ ಎಂಬತ್ತು ವರ್ಷದ ಸಂಬಂಧ ಇವತ್ತಿಗೆ ಮುಗೀತು.

ಸಂಬಂಧ ಇಷ್ಟೇ. ಮೂರ್ತಿಯ ತಾತ ಸಂಜೀವಪ್ಪ ಬರ್ಮಾ ಯುದ್ಧದಲ್ಲಿ ಎಡಗಾಲು ಕಳಕೊಂಡರು. ಅದೇ ವಾರ ಅಲಿಯಾಳ ಮುತ್ತಾತ ದಸ್ತಗೀರ್ ಸಾಹೇಬರು ಬಲಗಾಲು ಕಳಕೊಂಡರು. ಇಬ್ಬರೂ ಹಲಸೂರಿನವರು. ಊರಿಗೆ ಬಂದ ಮೇಲೆ ವರ್ಷಕ್ಕೆ ಒಂದೇ ಜೊತೆ ಶೂ ತಗೊಂಡು, ಒಂದೊಂದು ಹಂಚ್ಕೊಳ್ತಿದ್ದರು. ಅವರು ಹೋದ ಮೇಲೂ ಮಕ್ಕಳು ನಿಲ್ಲಿಸಲಿಲ್ಲ, ಮೊಮ್ಮಕ್ಕಳಿಗೆ ನಿಲ್ಲಿಸೋ ಧೈರ್ಯ ಬರಲಿಲ್ಲ. ಈಗ ಎರಡೂ ಮನೇಲಿ ಎಲ್ಲರಿಗೂ ಎರಡೆರಡು ಕಾಲಿದೆ. ಆದರೂ ಮೂರ್ತಿ ಮನೆ ಅಟ್ಟದ ಮೇಲೆ ನಲವತ್ತಾರು ಶೂ, ಬರೀ ಬಲಗಾಲಿನವು, ಎಲ್ಲ ಎಂಟು ನಂಬರ್. ಹೆಂಡತಿ ಮಂಜುಳಮ್ಮ ಎಣಿಸಿ ಬೈದಿದ್ದಾಳೆ.

ಹನ್ನೆರಡಕ್ಕೆ ಅಲಿಯಾ ಬಂದಳು. ಹೆಲ್ಮೆಟ್ ತೆಗೆದು ಪಕ್ಕದಲ್ಲಿ ಕೂತು, ನಮ್ಮ ಅಬ್ಬಾ ಸಾಯೋಕೆ ಮುಂಚೆ ಒಂದು ಮಾತು ಹೇಳಿದ್ದಾರೆ, ಅದನ್ನ ನಿಮಗೆ ಮುಟ್ಟಿಸಿಬಿಟ್ರೆ ಈ ಶೂ ಕಥೆ ಮುಗಿಸಬಹುದು ಅಂದಳು. ಮೂರ್ತಿ, ಹೇಳಮ್ಮ ಅಂದ.

"ದಸ್ತಗೀರ್ ದಾದಾದು ಹತ್ತು ನಂಬರ್ ಕಾಲು, ಅಂಕಲ್. ನಿಮ್ ತಾತ ಎಂಟು ಅಂದಾಗ ಇವರು 'ನಂದೂ ಅಷ್ಟೇ' ಅಂದ್ಬಿಟ್ರಂತೆ. ಇಲ್ಲಾಂದ್ರೆ ಒಂದು ಜೊತೆ ಇಬ್ಬರಿಗೂ ಆಗ್ತಿರಲಿಲ್ಲವಲ್ಲ. ಮೂವತ್ತು ವರ್ಷ ಬೆರಳು ಮಡಚ್ಕೊಂಡೇ ನಡೆದ್ರು. ಹೋದ ಕಾಲಿಗಿಂತ ಉಳಿದ ಕಾಲೇ ಜಾಸ್ತಿ ನೋಯ್ತಿತ್ತಂತೆ."

ಮೂರ್ತಿ ಗೋಡೆ ತುಂಬ ಜೋಡಿಸಿದ್ದ ಶೂ ಡಬ್ಬಗಳ ಮೇಲಿನ ನಂಬರ್‌ಗಳನ್ನ ಓದಿದ.

"ನಿನ್ ಕಾಲು ಎಷ್ಟು ನಂಬರಮ್ಮ?"

"ಆರು. ಯಾಕೆ?"

"ನಂದೂ ಅಷ್ಟೇ."

ಇಪ್ಪತ್ತು ವರ್ಷದಿಂದ ಇವನಿಗೆ ಎಂಟು ನಂಬರ್ ಚಪ್ಪಲಿ ಮಾರ್ತಿದ್ದ ಅಂಗಡಿಯವನು ಒಂದ್ಸಲ ಮುಖ ನೋಡಿದ. ಆರು ತಂದ. ಅಲಿಯಾ ಎಡಗಾಲಿಂದು ಹಾಕ್ಕೊಂಡು, ಎದ್ದು ನಾಲ್ಕು ಹೆಜ್ಜೆ ನಡೆದು, ಮುಂದಿನ ವರ್ಷ ಕೆಂಪು ತಗೋಳೋಣ ಅಂದಳು.

ಮೂರ್ತಿ ಬಲಗಾಲಿಂದನ್ನ ಅಲ್ಲೇ ತುರುಕ್ಕೊಂಡು ಶಿವಾಜಿನಗರ ಬಸ್ ಸ್ಟ್ಯಾಂಡ್‌ವರೆಗೆ ಕುಂಟ್ಕೊಂಡು ಹೋದ. ಕೆ.ಆರ್.ಪುರಂ ಬಸ್ಸಲ್ಲಿ ಒಬ್ಬ ಅಜ್ಜಿ ನೋಡಲಾರದೆ ಎದ್ದು ಸೀಟ್ ಬಿಟ್ಟುಕೊಟ್ಟು, ಕಾಲಿಗೆ ಏನಾಯ್ತಪ್ಪಾ ಅಂತ ಕೇಳಿದಳು.

"ಬರ್ಮಾ ಯುದ್ಧ," ಅಂದ ಮೂರ್ತಿ.